ಟೈಪಿನ ಕಸ್ತೂರಿಯ ಕಂಪ್ಯೂಟರ್

ಇಳಕಲ್ಲಿನಲ್ಲಿ ನಾನು ನೇಕಾರರ ಸೊಸೈಟಿಯೊಂದರ ಕ್ಲರ್ಕ್ ಆಗಿದ್ದೆ. ಸೊಸೈಟಿಯ ಪತ್ರ, ಠರಾವು, ಸಭೆಯ ನೋಟೀಸು ಏನೇ ಇದ್ದರೂ ಕಚ್ಚಾ ಬರೆದುಕೊಂಡು ಕಸ್ತೂರಿಯ ಮನೆಗೆ ಹೋಗುತ್ತಿದ್ದೆ. ನಮ್ಮ ಮನೆಯಿಂದ ನಾಲ್ಕನೆಯದು ಅವಳ ಮನೆ. ಓಣಿಯಲ್ಲಿ ಇನ್ನೂ ಇಬ್ಬರು ಕಸ್ತೂರಿಯರಿದ್ದದ್ದರಿಂದ ಇವಳು ಟೈಪಿನ ಕಸ್ತೂರಿ.

ತಂದೆ ದೇವಪ್ಪ ಮಗ್ಗದ ಮನುಷ್ಯ. ತಾಯಿ ಇಂದ್ರವ್ವ ಅವನಿಗಿಂತ ಕೈಚಳಕದವಳು, ಇಳಕಲ್ ಸೀರೆಯ ಒಡಲಿಗೆ ಟೋಪಿನ ಸೆರಗು ಹಚ್ಚುವುದರಲ್ಲಿ ಅವಳನ್ನು ಮೀರಿಸುವವರು ನಮ್ಮ ಕಡೆ ಕಡಿಮೆ. ಕಸ್ತೂರಿಗೆ ಇಪ್ಪತ್ತು ತುಂಬುವಷ್ಟರಲ್ಲಿ ಗುಳೇದಗುಡ್ಡಕ್ಕೆ ಕೊಟ್ಟರು. ಎಂಟು ತಿಂಗಳಿಗೆ ಅವಳ ಗಂಡ ಕುಳಗೇರಿ ಕ್ರಾಸಿನಲ್ಲಿ ಬಸ್ಸಿಳಿದು ರಸ್ತೆ ದಾಟುವಾಗ ಲಾರಿಗೆ ಸಿಕ್ಕ. ದೇವಪ್ಪ ಹೋಗಿ ಮಗಳನ್ನು ಕರೆದುಕೊಂಡು ಬಂದ. ಅವತ್ತು ಓಣಿಯ ಹೆಂಗಸರೆಲ್ಲ ಅವಳ ಸುತ್ತ ಕೂತು ಅತ್ತರು. ಅವಳು ಗೋಡೆಗೆ ಆತು ಕೂತಿದ್ದಳು. ಕಣ್ಣು ಒಣಗಿದ್ದವು. "ಹುಡಿಗಿ ಗಟ್ಟಿ ಐತಿ" ಅಂದರು ಕೆಲವರು. ಗಟ್ಟಿತನ ಅಲ್ಲ ಅದು ಎಂದು ನನಗೆ ಆಗಲೇ ಅನಿಸಿತ್ತು, ಆದರೆ ಏನು ಅಂತ ಹೇಳಲು ಬರುತ್ತಿರಲಿಲ್ಲ.

ದೇವಪ್ಪ ಅವಳನ್ನು ಹುನಗುಂದದ ಟೈಪಿಂಗ್ ಕ್ಲಾಸಿಗೆ ಹಚ್ಚಿದ. ದಿನಾ ಮುಂಜಾನೆಯ ಬಸ್ಸಿಗೆ ಹೋಗಿ ಮಧ್ಯಾಹ್ನ ಬರುತ್ತಿದ್ದಳು. ಎರಡು ವರ್ಷದಲ್ಲಿ ಕನ್ನಡ ಟೈಪಿಂಗಿನ ಸೀನಿಯರ್ ಪರೀಕ್ಷೆ ಪಾಸಾದಳು. ಒಂದು ಹಳೆಯ ಕನ್ನಡ ಟೈಪ್‌ರೈಟರು ಮನೆಗೆ ಬಂತು. ಒಳಗೆ ಮಗ್ಗದ ಸಪ್ಪಳ, ಹೊರಗಿನ ಖೋಲಿಯಲ್ಲಿ ಟೈಪಿನ ಸಪ್ಪಳ. ದೇವಪ್ಪ ತೀರಿಕೊಂಡ ಮೇಲೆಯೂ ಎರಡೂ ನಿಲ್ಲಲಿಲ್ಲ.

ಎರಡು ಸಾವಿರದ ಮೂರರಲ್ಲಿ ಅವಳು ಕಂಪ್ಯೂಟರ್ ತಂದಳು. ಬಾಗಲಕೋಟೆಯ ನವನಗರದ ಒಂದು ಅಂಗಡಿಯವರು ಜೋಡಿಸಿಕೊಟ್ಟದ್ದು. ಅದರಲ್ಲಿ ನುಡಿ ಎಂಬ ಕನ್ನಡ ತಂತ್ರಾಂಶ ಹಾಕಿಸಿಕೊಂಡಳು. ಟೈಪ್‌ರೈಟರಿನ ಅಕ್ಷರದ ಜಾಗವೇ ಬೇರೆ, ಇದರದ್ದೇ ಬೇರೆ. ಹದಿಮೂರು ವರ್ಷ ಕಲಿತ ಬೆರಳು ಹಳೆಯ ಜಾಗಕ್ಕೇ ಹೋಗುತ್ತಿದ್ದವು. ಒಂದು ತಿಂಗಳು ಯಾವ ಕೆಲಸವನ್ನೂ ಹಿಡಿಯದೆ ಕೂತು, ಬೆರಳಿಗೆ ಹೊಸದಾಗಿ ಕಲಿಸಿದಳು. ಆಮೇಲೆ ಮದುವೆಯ ಕಾರ್ಡು, ಸಾಲೆಯ ಪ್ರಶ್ನೆಪತ್ರಿಕೆ, ಆಸ್ತಿ ಪಾಲಿನ ವಾಟ್ನಿ ಪತ್ರ, ಎಲ್ಲ ಅವಳ ಕಡೆಯೇ ಬಂದವು. ತಪ್ಪಿಲ್ಲದ ಕನ್ನಡ ಬೇಕೆಂದರೆ ಕಸ್ತೂರಿಯ ಕೈಯೇ ಆಗಬೇಕು ಅನ್ನುವಂತಾಯಿತು. ಮುಂದೆ ಮನೆಯ ಫೋನಿಗೆ ಇಂಟರ್ನೆಟ್ಟೂ ಬಂತು. ಕಾರ್ಡು ತಯಾರಾದರೆ ಹುಬ್ಬಳ್ಳಿಯ ಪ್ರೆಸ್ಸಿಗೆ ಅದರಲ್ಲೇ ಕಳಿಸುತ್ತಿದ್ದಳು.

ನಾನು ಹೇಳಹೊರಟದ್ದು ಎರಡು ಸಾವಿರದ ಆರರ ಬೇಸಿಗೆಯಲ್ಲಿ ನಡೆದದ್ದು.

ಪ್ರಭು ಮಾಸ್ತರರು ನಮ್ಮ ಊರ ಹೈಸ್ಕೂಲಿನ ಹೆಡ್‌ಮಾಸ್ತರರು. ಸಾಲೆಯ ಪ್ರಶ್ನೆಪತ್ರಿಕೆಗಳನ್ನು ಬೀಗ ಹಾಕಿದ ಚೀಲದಲ್ಲಿ ತಂದು, ತಾವೇ ಪಕ್ಕದಲ್ಲಿ ಕೂತು ಕಸ್ತೂರಿಯಿಂದ ಮಾಡಿಸಿಕೊಂಡು ಹೋಗುತ್ತಿದ್ದರು. ಅಷ್ಟು ನಂಬಿಕೆ. ಆ ವರ್ಷ ಮೇ ತಿಂಗಳಲ್ಲಿ ಅವರ ಮಗಳು ಪ್ರೀತಿಯ ಮದುವೆ. ಏಪ್ರಿಲ್ ಮಧ್ಯದಲ್ಲಿ ಕಾರ್ಡಿನ ಕೆಲಸ ತಂದರು. ಕಸ್ತೂರಿ ತೋರಿಸಿದ ಅಂಚಿನ ಚಿತ್ರಗಳು ಅವರ ಹೆಂಡತಿಗೆ ಹಿಡಿಸಲಿಲ್ಲ.

"ಎಲ್ಲಾರ ಕಾರ್ಡಿನ್ಯಾಗೂ ಇವ ಅದಾವ. ಹೊಸಾ ನಮೂನಿ ಏನರ ಹುಡುಕವ್ವಾ" ಅಂದರು.

"ಹುಡುಕತೇನ್ರಿ" ಅಂದಳು ಕಸ್ತೂರಿ.

ವಾರದೊಳಗೆ ಅವಳ ಕಂಪ್ಯೂಟರಿಗೆ ಏನೋ ಆಗತೊಡಗಿತು. ಟೈಪು ಮಾಡುತ್ತಿದ್ದರೆ ನಡುವೆ ಒಂದು ಸಣ್ಣ ಕಿಟಕಿ ತೆರೆದುಕೊಳ್ಳುವುದು. ನೀವು ಲಾಟರಿ ಗೆದ್ದಿದ್ದೀರಿ ಅನ್ನುವುದು. ಮುಚ್ಚಿದರೆ ಎರಡು ತೆರೆದುಕೊಳ್ಳುವವು. ಇಸ್ಪೀಟಿನ ಚಿತ್ರ, ಬಣ್ಣಬಣ್ಣದ ಕಾರು. ಇನ್ನೂ ಎರಡು ದಿನ ಕಳೆದ ಮೇಲೆ ಅರೆಬತ್ತಲೆ ಹೆಂಗಸರು. ಹಗಲೆಲ್ಲ ಒಳಗೆ ಮಗ್ಗದ ಕುಣಿಯಲ್ಲಿ ಕೂತ ಇಂದ್ರವ್ವನಿಗೆ ಬಾಗಿಲಿನಿಂದ ಕಂಪ್ಯೂಟರಿನ ಅರ್ಧ ಕಾಣುತ್ತಿತ್ತು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ಚಿತ್ರ ನೋಡಲು ಇಂಗ್ಲಿಷ್ ಯಾಕೆ ಬೇಕು? ಅವಳು ನೋಡಿದಳು, ಕೇಳಲಿಲ್ಲ. ಕಸ್ತೂರಿ ಮುಚ್ಚಿದಳು, ಹೇಳಲಿಲ್ಲ.

ಏಪ್ರಿಲ್ ಇಪ್ಪತ್ತಾರು, ಬುಧವಾರ. ಪ್ರಭು ಮಾಸ್ತರರು ಹೆಂಡತಿಯ ಸಂಗಡ ಕಾರ್ಡು ತಿದ್ದಿಸಲು ಬಂದರು. ಕಸ್ತೂರಿ ಇಬ್ಬರಿಗೂ ಕುರ್ಚಿ ಹಾಕಿದಳು. ಅಂಚಿಗೆ ಹೊಸ ಬಳ್ಳಿ ಕೂಡಿಸಿದ್ದಳು, ಮಾಸ್ತರರ ಹೆಂಡತಿಗೆ ಭಾಳ ಹಿಡಿಸಿತು. ಮಾಸ್ತರರು ಚಷ್ಮಾ ಹಾಕಿಕೊಂಡು ಒಂದೊಂದೇ ಹೆಸರು ಓದಿ ನೋಡಿದರು. ಎಲ್ಲ ಸರಿ ಇತ್ತು. ಪ್ರೆಸ್ಸಿಗೆ ಕಳಿಸಬೇಕೆಂದು ಕಸ್ತೂರಿ ನೆಟ್ ಹಚ್ಚಿದಳು. ಫೋನು ಕಿರಗುಟ್ಟಿತು, ಕೂಡಿತು.

ಕೂಡಿದ ಕೂಡಲೇ ಪ್ರೀತಿಯ ಮದುವೆಯ ಕಾರ್ಡಿನ ಮೇಲೆ ಒಬ್ಬ ಬತ್ತಲೆ ಹೆಂಗಸು ಬಂದು ನಿಂತಳು. ಕಸ್ತೂರಿ ಮುಚ್ಚಿದಳು. ಇನ್ನಿಬ್ಬರು ಬಂದರು. ಅವರನ್ನು ಮುಚ್ಚುವಷ್ಟರಲ್ಲಿ ಬಂದದ್ದನ್ನು ನಾನು ಬರೆಯಲಾರೆ. ಮಾಸ್ತರರ ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡು ಎದ್ದರು. ಮಾಸ್ತರರು ಚಷ್ಮಾ ತೆಗೆದು ಕಿಸೆಯಲ್ಲಿಟ್ಟುಕೊಂಡರು. ಟೇಬಲ್ಲಿನ ಮೇಲಿದ್ದ ತಮ್ಮ ಕೈಬರಹದ ಹಾಳೆಯನ್ನು ಮಡಚಿ ಅದನ್ನೂ ಕಿಸೆಗೆ ಹಾಕಿಕೊಂಡರು.

"ಆಮ್ಯಾಲೆ ಬರ್ತೇವಿ" ಅಂದರು.

ಕಸ್ತೂರಿ ಪರದೆಯ ಗುಂಡಿ ಒತ್ತಿ ಆರಿಸಿದಳು. ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ನಾದಿದಳು. ಆವತ್ತು ಎಂದಿನಷ್ಟೇ ರೊಟ್ಟಿ ಮಾಡಿದಳಂತೆ, ಎಂದಿನಷ್ಟೇ ತೆಳ್ಳಗೆ.

ಅವಳಿಗೆ ಒಬ್ಬ ತಮ್ಮ, ಪ್ರೇಮಕುಮಾರ. ಇಪ್ಪತ್ತಾರು ವರ್ಷ. ಊರ ಹೊರಗಿನ ಗ್ರಾನೈಟ್ ಪಾಲಿಶ್ ಫ್ಯಾಕ್ಟರಿಯಲ್ಲಿ ಕೆಲಸ. ಸಂಜೆ ಬಂದು ಕೈಕಾಲು ತೊಳೆದು, ಕಂಪ್ಯೂಟರಿನಲ್ಲಿ ಇಸ್ಪೀಟು ಆಡುವುದು ಅವನ ಚಟ. ಆ ಸಂಜೆಯೂ ಅವನು ಬಂದ. ಇಂದ್ರವ್ವ ಮಗ್ಗದಿಂದ ಎದ್ದು ಬಂದು ಅವನ ಎದುರಿಗೆ ನಿಂತಳು.

"ಮಾಸ್ತರ್ರು ಬಂದಾಗ ಅದರಾಗ ಏನ ಬಂತು ಗೊತ್ತೈತೇನು? ಏನ ನೋಡತಿ ನೀ ಅದರಾಗ ದಿನಾ?"

"ನಾ ಇಸ್ಪೀಟ್ ಆಡ್ತೇನಿ, ಅಷ್ಟ."

"ಮತ್ತ ಆ ಬರಿಮೈ ಹೆಂಗಸ್ರು ತಾವ ಬಂದ್ರೇನು? ಯಾರ ಕರದ್ರು? ನಾ ಕರದೆನೇನು? ಇಲ್ಲಾ ನಿಮ್ಮಕ್ಕ ಕರದಳೇನು?"

"ನಾ ಅಲ್ಲಬೇ" ಅಂದ ಅವನು. ಅಂದು, ಅಕ್ಕನ ಕಡೆ ನೋಡಿದ.

ಕಸ್ತೂರಿ ಮೊರದಲ್ಲಿ ಅಕ್ಕಿಯ ಹರಳು ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. ಇಂದ್ರವ್ವ ಮತ್ತೆ ಏನೇನೋ ಅಂದಳು. ಮನೆಯ ಮರ್ಯಾದೆ, ಸತ್ತ ಅಪ್ಪನ ಹೆಸರು, ಮನೆಯಲ್ಲಿ ಗಂಡ ಸತ್ತ ಅಕ್ಕ ಇರುವುದು, ಎಲ್ಲ ಬಂತು. ಪ್ರೇಮಕುಮಾರ ಇನ್ನೊಂದು ಸಲ ಅಲ್ಲ ಅನ್ನಲಿಲ್ಲ. ಎರಡು ಅಂಗಿ, ಒಂದು ಚಾದರ ಚೀಲಕ್ಕೆ ತುಂಬಿಕೊಂಡು ಫ್ಯಾಕ್ಟರಿಯ ಖೋಲಿಗೆ ಹೋಗಿಬಿಟ್ಟ. ಅಲ್ಲಿ ರಾಜಸ್ಥಾನದ ಕೆಲಸಗಾರರು ಇರುತ್ತಿದ್ದರು, ಅವರ ಸಂಗಡ ಇದ್ದ.

ಊರಲ್ಲಿ ಮಾತು ಹರಡಲು ಎರಡು ದಿನ ಬೇಕಾಗಲಿಲ್ಲ. ಮಾಸ್ತರರು ಬಾಯಿ ಬಿಟ್ಟಿರಲಿಕ್ಕಿಲ್ಲ, ಅವರ ಹೆಂಡತಿ ಒಬ್ಬರಿಗೆ ಹೇಳಿರಬೇಕು. ಕೆಲವರು ತಮ್ಮನದು ಅಂದರು. ಕೆಲವರು, ಹರೇದ ವಯಸ್ಸಿನಲ್ಲಿ ಗಂಡ ಸತ್ತವಳು, ಖೋಲಿಯಲ್ಲಿ ಒಬ್ಬಳೇ ಕೂಡುವವಳು, ಯಾರಿಗೆ ಗೊತ್ತು ಅಂದರು. ನನ್ನ ಹೆಂಡತಿಯೂ "ನೀವು ಸ್ವಲ್ಪ ದಿನಾ ಅಲ್ಲಿ ಹೋಗಬ್ಯಾಡ್ರಿ" ಅಂದಳು. ಸೊಸೈಟಿಯ ಸೆಕ್ರೆಟರಿಯವರು, ಬಸ್‌ಸ್ಟ್ಯಾಂಡಿನ ಕಡೆ ಹೊಸ ಅಂಗಡಿ ಆಗೈತಿ, ಇನ್ನ ಅಲ್ಲೇ ಮಾಡಸ್ರಿ ಮುತ್ತಪ್ಪನವರ ಎಂದು ನನಗೆ ಅಂದರು. ನಾನು ಹೂಂ ಅಂದೆ. ಹದಿನೈದು ವರ್ಷ ಅವಳ ಕಡೆಯೇ ಟೈಪು ಮಾಡಿಸಿದವನು ನಾನು. ಕಸ್ತೂರಿ ನನ್ನನ್ನು ಕಾಕಾ ಅನ್ನುವವಳು. ಆದರೂ ಹೂಂ ಅಂದೆ. ಇದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಹೇಳಿದರೆ ಸುಳ್ಳಾಗುತ್ತದೆ ಎಂದು ಬರೆದಿದ್ದೇನೆ.

ಮುಂದಿನ ಎರಡು ವಾರ ಅವಳ ಮನೆಯ ಹೊರಖೋಲಿಗೆ ಯಾರೂ ಹೋಗಲಿಲ್ಲ. ಅವಳು ಮಾತ್ರ ದಿನಾ ಮುಂಜಾನೆ ಹತ್ತಕ್ಕೆ ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆದು, ಚಾಲೂ ಮಾಡಿ ಕೂಡುತ್ತಿದ್ದಳು. ಟೈಪು ಮಾಡಲು ಏನೂ ಇಲ್ಲ. ಕಿಟಕಿ ಬರುತ್ತಿದ್ದವು, ಮುಚ್ಚುತ್ತಿದ್ದಳು. ಈಗ ನೆಟ್ ಹಚ್ಚದಿದ್ದರೂ ಬರುತ್ತಿದ್ದವು. ಒಂದು ಕೆಂಪು ಡಬ್ಬಿ ಬಂದು, ನಿಮ್ಮ ಕಂಪ್ಯೂಟರಿಗೆ ರೋಗ ಬಂದಿದೆ, ನಮ್ಮ ಔಷಧ ಕೊಳ್ಳಿ ಅನ್ನುತ್ತಿತ್ತು. ಅದನ್ನೂ ಮುಚ್ಚುತ್ತಿದ್ದಳು.

"ಒಂದಿನಾ ಎಣಿಸಿದ್ನಿ ಕಾಕಾ" ಎಂದು ಮೂರು ವರ್ಷದ ಮೇಲೆ ನನಗೆ ಹೇಳಿದಳು. "ಊಟದ ಹೊತ್ತಿನ ತನಕಾ ಇನ್ನೂರಾ ಹದಿನಾಲ್ಕು ಮುಚ್ಚಿದ್ನಿ."

"ಸಿಟ್ಟು ಬರ್ತಿದ್ದಿಲ್ಲೇನವ್ವಾ?"

"ಇಲ್ರಿ."

"ನಾಚಿಕಿ?"

"ಏನೂ ಬರ್ತಿದ್ದಿಲ್ರಿ. ಒಂದು ಬರೂದು, ಮುಚ್ಚೂದು. ಬರೂದು, ಮುಚ್ಚೂದು. ಅಷ್ಟ."

ಬಾಗಲಕೋಟೆಯ ಅಂಗಡಿಗೆ ಫೋನು ಮಾಡಿದಾಗ ಅವರು, ತಗೊಂಡು ಬರ್ರಿ, ಎಲ್ಲಾ ಅಳಿಸಿ ಹೊಸದಾಗಿ ಹಾಕಿಕೊಡ್ತೇವಿ ಅಂದರಂತೆ. ಒಳಗಿದ್ದದ್ದು ಏನೂ ಉಳಿಯುವುದಿಲ್ಲ ಎಂದೂ ಅಂದರು. ಒಳಗಿದ್ದದ್ದು ಅಂದರೆ ಮೂರು ವರ್ಷ ಊರ ಮಂದಿ ಬರೆಸಿದ ಕಾಗದ. ಯಾರದೋ ವಾಟ್ನಿ, ಯಾರದೋ ಜಾತಿ ಪ್ರಮಾಣಪತ್ರದ ಅರ್ಜಿ. ಹಿಂದಿನ ವರ್ಷದ್ದೇ ತಾರೀಖು ಬದಲಿಸಿ ಕೊಡವ್ವಾ ಎಂದು ಬರುವ ಜನ. ಫ್ಲಾಪಿಯಲ್ಲಿ ತೆಗೆದಿಟ್ಟವು ಅರ್ಧಕ್ಕರ್ಧ ಕೆಟ್ಟಿದ್ದವು. ಅವಳು ಬೇಡ ಅಂದಳು.

ಆಗ ಜೈನಬಿಯ ನೆನಪಾಯಿತು. ಹುನಗುಂದದ ಟೈಪಿಂಗ್ ಕ್ಲಾಸಿನಲ್ಲಿ ಇಬ್ಬರೂ ಒಂದೇ ಮಶೀನಿನ ಮೇಲೆ ಪಾಳಿಯಂತೆ ಕಲಿತವರು. ಜೈನಬಿಯನ್ನು ಬಾದಾಮಿಗೆ ಕೊಟ್ಟಿದ್ದರು. ಗಂಡ ಮಲೀಕಸಾಬ ಪ್ರವಾಸಿಗರಿಗೆ ಗವಿಗಳನ್ನು ತೋರಿಸುವ ಗೈಡು. ಅವಳು ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಎಸ್‌ಟಿಡಿ ಬೂತು, ಅದರ ಹಿಂದೆಯೇ ಮೂರು ಕಂಪ್ಯೂಟರಿನ ಇಂಟರ್ನೆಟ್ ಅಂಗಡಿ ನಡೆಸುತ್ತಿದ್ದಳು. ಕಸ್ತೂರಿ ಫೋನು ಮಾಡಿ, ನಡೆದದ್ದರಲ್ಲಿ ಕಂಪ್ಯೂಟರಿನ ಸುದ್ದಿಯನ್ನಷ್ಟೇ ಹೇಳಿದಳು.

"ಇದೇನ್ ದೊಡ್ಡ ಜಡ್ಡಲೇ! ನಮ್ಮಲ್ಲಿ ದಿನಾ ಬರ್ತಾವ. ಡಬ್ಬಿ ಅಷ್ಟ ಬಿಚ್ಚಿ ತಗೊಂಡ್ ಬಾ. ಪರದೆ ಇಲ್ಲೇ ಐತಿ" ಅಂದಳು ಜೈನಬಿ.

ಮರುದಿನ ಕಸ್ತೂರಿ ಸಿಪಿಯುದ ವಾಯರುಗಳನ್ನು ಬಿಚ್ಚಿ, ತಾಯಿಯ ಹಳೆಯ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತಳು. ಹುನಗುಂದ ದಾಟಿತು, ಅಮೀನಗಡ ದಾಟಿತು. ಪಕ್ಕದ ಹೆಂಗಸು "ಏನವ್ವಾ ಅದು, ಟಿವಿ ಏನು?" ಎಂದು ಕೇಳಿದಳು. "ಹೂಂರಿ" ಅಂದಳು. ಗುಳೇದಗುಡ್ಡದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಹದಿನೇಳು ವರ್ಷದ ಹಿಂದೆ ಎಂಟು ತಿಂಗಳು ಇದ್ದ ಊರು. ಕೆಳಗಿಳಿದು ಎಡಕ್ಕೆ ಎರಡು ಓಣಿ ನಡೆದರೆ ಆ ಮನೆ. ಕಿಟಕಿಯಿಂದ ಹೊರಗೆ ನೋಡಿದಿಯೇನು ಎಂದು ನಾನು ಕೇಳಿದ್ದೆ. "ಡಬ್ಬಿ ಜಾರತಿತ್ತು, ಹಿಡಕೊಂಡ ಕುಂತಿದ್ನಿ" ಅಂದಳು.

ಜೈನಬಿಯ ಅಂಗಡಿಯಲ್ಲಿ ಮುಂಜಾನೆಯ ಹೊತ್ತು ಗಿರಾಕಿಗಳಿರಲಿಲ್ಲ. ವಾಯರು ಜೋಡಿಸಿ ಚಾಲೂ ಮಾಡಿದರು. ಬಂದವು. ಜೈನಬಿ ಐದು ನಿಮಿಷ ಸುಮ್ಮನೆ ನೋಡಿದಳು.

"ಭಾಳ ಮಂದಿನ್ನ ಕೂಡಿಸಿಯಲ್ಲ ಒಳಗ" ಅಂದಳು. ಆಮೇಲೆ ಎದ್ದು ಕಸ್ತೂರಿಯನ್ನು ಕುರ್ಚಿಯಲ್ಲಿ ಕೂಡಿಸಿದಳು. "ನೀನ ಮಾಡು. ನಾ ಹೇಳ್ತೇನಿ. ನಾ ಮಾಡಿ ಕೊಟ್ರ ಮುಂದಿನ ವಾರ ಮತ್ತ ಇದನ್ನ ಹೊತಗೊಂಡು ಬರ್ತಿ."

ಒಂದು ಹಾಳೆ ಕೊಟ್ಟು ಬರೆದುಕೊಳ್ಳಲು ಹೇಳಿದಳು. ಮೊದಲನೆಯದು, ಫೋನಿನ ವಾಯರು ತೆಗೆದಿಡಬೇಕು. ಕಳ್ಳ ಒಳಗಿದ್ದಾಗ ಹಿತ್ತಲ ಬಾಗಿಲು ತೆರೆದಿಡಬಾರದು. ಎರಡನೆಯದು, ಕಂಪ್ಯೂಟರ್ ಆರಿಸಿ ಮತ್ತೆ ಚಾಲೂ ಮಾಡುವಾಗ ಎಫ್ ಎಂಟು ಒತ್ತುತ್ತ ಇದ್ದು, ಸೇಫ್ ಮೋಡಿನಲ್ಲಿ ಒಳಗೆ ಹೋಗಬೇಕು. ಆಗ ಬೇಕಾದದ್ದಷ್ಟೇ ಏಳುತ್ತದೆ, ಬೇಡಾದವರು ಮಲಗಿರುತ್ತಾರೆ. ಮಲಗಿದ್ದಾಗಲೇ ತೆಗೆಯಬೇಕು. ಎದ್ದಿದ್ದಾಗ ತೆಗೆದರೆ ಒಬ್ಬನನ್ನು ಇನ್ನೊಬ್ಬ ಮತ್ತೆ ಕರೆಯುತ್ತಾನೆ.

ಪರದೆ ಕಪ್ಪಾಗಿ, ದೊಡ್ಡ ಅಕ್ಷರಗಳಲ್ಲಿ ಎದ್ದಿತು. ಎಷ್ಟೋ ದಿನದ ಮೇಲೆ ಅದರಲ್ಲಿ ಏನೂ ತೆರೆದುಕೊಳ್ಳದೆ ಸುಮ್ಮನಿತ್ತು.

"ಈಗ ನೀ ಹಾಕದ ಇರೂ ಸಾಮಾನು ಏನೇನ ಅದಾವ ನೋಡು. ತಾರೀಖಿನ ಪ್ರಕಾರ ಹಚ್ಚು. ಹೊಸಾವು ಮ್ಯಾಲ ಬರ್ತಾವ."

ಕಸ್ತೂರಿ ಹಚ್ಚಿದಳು. ಮೇಲೆ ಐದು ಫೋಲ್ಡರು ಬಂದವು. ಐದಕ್ಕೂ ಒಂದೇ ತಾರೀಖು, ಏಪ್ರಿಲ್ ಹದಿನೇಳು. ಸಮಯ ಹನ್ನೊಂದು ಇಪ್ಪತ್ತು, ಹನ್ನೊಂದು ಇಪ್ಪತ್ತೊಂದು. ನಾಲ್ಕರ ಹೆಸರು ಅರ್ಥವಾಗದಂಥವು. ಐದನೆಯದು ಮದುವೆಯ ಅಂಚಿನ ಚಿತ್ರಗಳದು.

"ಅವತ್ತು ಯಾರ ಕುಂತಿದ್ರು ಇದರ ಮುಂದ?" ಎಂದು ಕೇಳಿದಳು ಜೈನಬಿ.

ಸೋಮವಾರ. ಪ್ರೇಮಕುಮಾರ ಫ್ಯಾಕ್ಟರಿಗೆ ಹೋಗಿದ್ದ. ಇಂದ್ರವ್ವ ಮಗ್ಗದಲ್ಲಿದ್ದಳು. ಪುಕ್ಕಟೆ ಮದುವೆ ಅಂಚು ಎಂದು ಇಂಗ್ಲಿಷಿನಲ್ಲಿ ಹೊಡೆದು ಹುಡುಕಿದ್ದು, ಚೆಂದನೆಯ ಬಳ್ಳಿಯ ಚಿತ್ರ ಸಿಕ್ಕದ್ದು, ಅದನ್ನು ಇಳಿಸಿಕೊಳ್ಳುವಾಗ ಒಂದರ ಮೇಲೊಂದು ಡಬ್ಬಿ ಬಂದು ಏನೇನೋ ಕೇಳಿದ್ದು, ಫೋನು ಬಂದರೆ ನೆಟ್ ಕಡಿಯುತ್ತದೆ ಎಂಬ ಅವಸರಕ್ಕೆ ಓದದೆ ಎಲ್ಲದಕ್ಕೂ ಯೆಸ್ ಯೆಸ್ ಎಂದು ಒತ್ತಿದ್ದು, ಎಲ್ಲ ನೆನಪಾಯಿತು.

"ನಾನ" ಅಂದಳು.

"ಎಲ್ಲಾರೂ ಒತ್ತತಾರ ತಗೋ. ಪುಕ್ಕಟೆ ಅಂತ ಕೊಡಾವ ಚೀಲದಾಗ ಮತ್ತೇನೋ ಕಟ್ಟಿರತಾನ."

"ನಮ್ಮ ಪ್ರೇಮ ಮಾಡ್ಯಾನಂತ ಅವ್ವ ಬೈದಳು. ಅವ ಮನಿ ಬಿಟ್ಟು ಹೋಗ್ಯಾನ."

ಜೈನಬಿ ತಿರುಗಿ ನೋಡುವಷ್ಟರಲ್ಲಿ ಕಸ್ತೂರಿ ಒಂದೊಂದೇ ಫೋಲ್ಡರು ಅಳಿಸತೊಡಗಿದ್ದಳು. ಮೂರು ಹೋದವು. ಒಂದು ಹೋಗಲೊಲ್ಲದು. ಜೈನಬಿ ಇನ್ನೊಂದು ಪಟ್ಟಿ ತೆರೆಸಿದಳು. ಕಂಪ್ಯೂಟರ್ ಏಳುವಾಗ ಯಾರ್ಯಾರು ಸಂಗಡ ಏಳಬೇಕು ಎಂಬ ಪಟ್ಟಿ. ಅಲ್ಲಿ ಆ ಹೆಸರಿನ ಎದುರಿನ ಗುರುತು ತೆಗೆದು, ಆರಿಸಿ, ಮತ್ತೆ ಎಫ್ ಎಂಟು ಒತ್ತಿ ಬಂದಾಗ ಅದೂ ಹೋಯಿತು. ಬಳ್ಳಿಯ ಚಿತ್ರಗಳ ಫೋಲ್ಡರನ್ನು ಜೈನಬಿ "ಇರಲಿ, ಚಿತ್ರ ಏನ್ ಮಾಡ್ಯಾವ" ಅಂದರೂ ಕಸ್ತೂರಿ ಇಡಲಿಲ್ಲ. ಕೊನೆಗೆ ಜೈನಬಿಯ ಸಿಡಿ ಹಾಕಿ ಉಳಿದ ಪುಡಿಪೂಸರನ್ನು ಹುಡುಕಲು ಹಚ್ಚಿದರು. ಅದು ಒಂದೂವರೆ ತಾಸಿನ ಕೆಲಸ.

ಆ ಹೊತ್ತಿನಲ್ಲಿ ಊಟಕ್ಕೆ ಕೂತರು. ಮಲೀಕಸಾಬ ಗವಿಯಿಂದ ಬಿಸಿಲಲ್ಲಿ ಬಂದ. ಕೋತಿಯೊಂದು ಒಬ್ಬ ಬೆಳ್ಳನೆಯ ಅಮ್ಮನ ಟೊಪಿಗೆ ಕಸಿದುಕೊಂಡು ಗುಡ್ಡ ಏರಿದ ಕಥೆ ಹೇಳಿ ನಗಿಸಿದ. ಜೈನಬಿ ನಕ್ಕಳು. ಕಸ್ತೂರಿಯೂ ನಗುವ ಜಾಗದಲ್ಲಿ ನಕ್ಕಳು. ಅವನು ಎದ್ದು ಹೋದ ಮೇಲೆ ಜೈನಬಿ ಅವಳ ಕೈ ಹಿಡಿದು, "ಅಳೂದಿದ್ರ ಅತ್ತಬಿಡು ಕಸ್ತೂರಿ, ಇಲ್ಲಿ ಯಾರೂ ಇಲ್ಲ" ಅಂದಳು.

"ಬರೂದಿಲ್ಲ" ಅಂದಳು ಕಸ್ತೂರಿ. "ಪಲ್ಯಾ ಛಲೋ ಆಗೈತಿ" ಅಂದಳು. ಯಾವ ಪಲ್ಯ ಎಂದು ಕೇಳಿದ್ದರೆ ಹೇಳಲು ಆಗುತ್ತಿರಲಿಲ್ಲವಂತೆ.

ಸಂಜೆಯ ಬಸ್ಸಿಗೆ ಹಿಂದಿರುಗಿದಳು. ಮರುದಿನ ಮುಂಜಾನೆ ಕಂಪ್ಯೂಟರ್ ಜೋಡಿಸಿ, ಚಾಲೂ ಮಾಡಿ, ಒಂದು ತಾಸು ಅದರ ಎದುರಿಗೆ ಕೂತಳು. ಏನೂ ಬರಲಿಲ್ಲ. ಫೋನಿನ ವಾಯರು ಹಚ್ಚಿದಳು. ಆಗಲೂ ಬರಲಿಲ್ಲ. ಎದ್ದು ಮಗ್ಗದ ಹತ್ತಿರ ಹೋಗಿ ನಿಂತಳು.

"ಯವ್ವಾ, ಅದು ಪ್ರೇಮ ಮಾಡಿದ್ದಲ್ಲ. ನಾ ಮಾಡಿದ್ದು. ಮಾಸ್ತರ್ರ ಕಾರ್ಡಿಗೆ ಅಂಚು ಹುಡುಕೂ ಮುಂದ ಒಳಗ ಬಂದಾವ."

ಇಂದ್ರವ್ವನ ಕಾಲು ನಿಂತಿತು. ಲಾಳಿ ಕೈಯಲ್ಲೇ ಉಳಿಯಿತು.

"ಆವತ್ತ ಯಾಕ ಬಾಯಿ ಬಿಡಲಿಲ್ಲ?"

"ಗೊತ್ತಿದ್ದಿಲ್ಲ."

"ನೀ ಮಾಡಿದ್ದು ಅಂತ ಗೊತ್ತಿದ್ದಿಲ್ಲ. ಅವ ಅಲ್ಲ ಅಂತ ಗೊತ್ತಿತ್ತಿಲ್ಲೋ?"

ಗೊತ್ತಿತ್ತು. ಸಂಜೆ ಅವನು ಬರುವ ಹೊತ್ತಿಗೆ ಅವಳೇ ನೆಟ್ಟಿನ ವಾಯರು ಕಿತ್ತು ಫೋನಿಗೆ ಹಚ್ಚಿರುತ್ತಿದ್ದಳು. ಅವನಿಗೆ ನೆಟ್ ಹಚ್ಚುವ ಗುಪ್ತ ಶಬ್ದವೂ ಗೊತ್ತಿರಲಿಲ್ಲ. ಇಸ್ಪೀಟು ಬಿಟ್ಟು ಬೇರೆ ಏನನ್ನೂ ಅವನು ತೆರೆಯುತ್ತಿರಲಿಲ್ಲ. ಅಕ್ಕಿ ಆರಿಸುತ್ತಿದ್ದಾಗ ಇದೆಲ್ಲ ಅವಳ ತಲೆಯಲ್ಲಿ ಇತ್ತು. ಬಾಯಿಗೆ ಬರಲಿಲ್ಲ, ಅಷ್ಟೇ.

"ಗೊತ್ತಿತ್ತು" ಅಂದಳು.

ಇಂದ್ರವ್ವ ಬೈಯಲಿಲ್ಲ. "ಹೋಗಿ ಅವಗ ಹೇಳು" ಅಂದು ಮತ್ತೆ ನೇಯತೊಡಗಿದಳು.

ಫ್ಯಾಕ್ಟರಿಯಲ್ಲಿ ಕಲ್ಲು ಕೊಯ್ಯುವ ಸಪ್ಪಳಕ್ಕೆ ಮಾತು ಕೇಳುವುದಿಲ್ಲ. ಪ್ರೇಮಕುಮಾರ ಅವಳನ್ನು ಕಂಡು ಹೊರಗೆ ಬಂದ. ಮೊಣಕೈಯವರೆಗೆ ಕೆಂಪು ಕಲ್ಲಿನ ರಾಡಿ. ಕಸ್ತೂರಿ ತಾಯಿಗೆ ಹೇಳಿದ್ದನ್ನೇ ಅದೇ ಮಾತಿನಲ್ಲಿ ಹೇಳಿದಳು.

"ಯಾವಾಗ ಗೊತ್ತಾತು?" ಅಂದ.

"ನಿನ್ನಿ. ಬಾದಾಮಿಗೆ ಹೋಗಿದ್ನಿ."

"ಆವತ್ತು ನಾ ನಿನ್ನ ಮಾರಿ ನೋಡಿದ್ನಿ."

"ಹೂಂ. ನೋಡಿದ್ದು ಗೊತ್ತಾಗಿತ್ತು."

ಅವನು ನಳದ ಕೆಳಗೆ ಕೈ ತೊಳೆದ. ರಾಡಿ ಬಿಟ್ಟ ಮೇಲೆಯೂ ತೊಳೆಯುತ್ತಲೇ ಇದ್ದ. ಆಮೇಲೆ "ಚಾ ಕುಡಿತೀ?" ಎಂದು ಕೇಳಿದ. ಗೇಟಿನ ಹೊರಗಿನ ಡಬ್ಬಿ ಅಂಗಡಿಯಲ್ಲಿ ನಿಂತು ಇಬ್ಬರೂ ಚಹಾ ಕುಡಿದರು. ಅವನಿಗೆ ಸಿಟ್ಟು ಬಂದಿತ್ತೋ, ಹಗುರಾಗಿತ್ತೋ, ಅವಳಿಗೆ ತಿಳಿಯಲಿಲ್ಲ. ತನಗೇನಾಗುತ್ತಿದೆ ಎಂಬುದೂ ತಿಳಿಯಲಿಲ್ಲ. ಚಹಾ ಬಿಸಿ ಇತ್ತು, ನಾಲಿಗೆ ಸುಟ್ಟಿತು, ಅದು ಮಾತ್ರ ತಿಳಿಯಿತು.

ರವಿವಾರ ಅವನು ಮನೆಗೆ ಬಂದ. ಇಂದ್ರವ್ವ ಹೋಳಿಗೆ ಮಾಡಿದ್ದಳು. ಉಂಡ, ತಾಯಿಯ ಸಂಗಡ ಮಾತಾಡಿದ, ಮತ್ತೆ ಫ್ಯಾಕ್ಟರಿಯ ಖೋಲಿಗೇ ಹೋದ. ಪ್ರತಿ ರವಿವಾರ ಬರುತ್ತಿದ್ದ. ಎರಡು ವರ್ಷದ ಮೇಲೆ ಮದುವೆ ಆಯಿತು. ಫ್ಯಾಕ್ಟರಿಯ ರಸ್ತೆಯಲ್ಲೇ ಮನೆ ಹಿಡಿದ. ಅಕ್ಕ, ತಮ್ಮ ಜಗಳ ಆಡಿದ್ದನ್ನು ಯಾರೂ ಕೇಳಿಲ್ಲ. ಆದರೆ ಆ ಮನೆಯಲ್ಲಿ ಮಲಗಲು ಅವನು ಮತ್ತೆ ಬರಲಿಲ್ಲ, ಕಂಪ್ಯೂಟರಿನ ಕುರ್ಚಿಯಲ್ಲಿ ಕೂಡಲೂ ಇಲ್ಲ.

ಕಸ್ತೂರಿ ಪ್ರಭು ಮಾಸ್ತರರ ಮನೆಗೂ ಹೋದಳು. ಮದುವೆಗೆ ನಾಲ್ಕು ದಿನ ಉಳಿದಿತ್ತು. ಹಂದರ ಹಾಕುತ್ತಿದ್ದರು. ಮಾಸ್ತರರು ಕಟ್ಟೆಯ ಮೇಲೆ ನಿಂತೇ ಕೇಳಿದರು. ಅವಳು ತಾರೀಖು, ಸಮಯ ಸಹಿತ ಎಲ್ಲ ಹೇಳಿದಳು.

"ಇರ್ಲಿ ಬಿಡವ್ವಾ. ಆದದ್ದಾತು" ಅಂದರು ಅವರು. ಒಳಗೆ ಬಾ ಅನ್ನಲಿಲ್ಲ.

ಕಟ್ಟೆಯ ಮೇಲೆ ಬೇರೆ ಕಡೆ ಅಚ್ಚು ಹಾಕಿಸಿದ ಕಾರ್ಡುಗಳ ಗಂಟು ಬಿಚ್ಚಿಟ್ಟಿತ್ತು. ನಿಂತಲ್ಲಿಂದಲೇ ಅವಳ ಕಣ್ಣಿಗೆ 'ಮುಹೂರ್ತ' ಅನ್ನುವುದು 'ಮುಹುರ್ತ' ಆಗಿದ್ದು ಕಂಡಿತು. ಮಾಸ್ತರರಿಗೂ ಕಂಡಿರಬೇಕು. ಅವಳು ನಮಸ್ಕಾರ ಮಾಡಿ ಬಂದಳು.

ನನ್ನ ಕಡೆಗೂ ಬಂದಳು. ಸೊಸೈಟಿಯ ಬಾಗಿಲಲ್ಲಿ ನಿಂತು, "ಕಾಕಾ, ಕಂಪ್ಯೂಟರ್ ಸ್ವಚ್ಛ ಆತ್ರಿ" ಅಂದಳು. "ಛಲೋ ಆತವ್ವಾ" ಅಂದೆ. ನನ್ನ ಟೇಬಲ್ಲಿನ ಮೇಲೆ ಟೈಪು ಮಾಡಿಸಬೇಕಾದ ಎರಡು ಪತ್ರ ಇದ್ದವು. ಒಳಗೆ ಸೆಕ್ರೆಟರಿಯವರು ಕೂತಿದ್ದರು. ನಾನು ಪತ್ರಗಳ ಮೇಲೆ ರಜಿಸ್ಟರ್ ಇಟ್ಟೆ. ಅವಳು ಹೋದಳು.

ಆಗಸ್ಟಿನಲ್ಲಿ ಸರ್ವಸದಸ್ಯರ ಸಭೆಯ ನೋಟೀಸನ್ನು ಬಸ್‌ಸ್ಟ್ಯಾಂಡಿನ ಅಂಗಡಿಯವರು ಮೂರು ಸಲ ತಪ್ಪು ಹೊಡೆದರು. ನಾಲ್ಕನೆಯ ಸಲ ನಾನು ಯಾರನ್ನೂ ಕೇಳದೆ ಕಸ್ತೂರಿಯ ಮನೆಗೆ ಹೋದೆ. ನಿನ್ನೆ ಬಂದು ಹೋದವನನ್ನು ಕಂಡಂತೆ ಕುರ್ಚಿ ಸರಿಸಿದಳು. ದಾರಿಯಲ್ಲಿ ಏನೇನು ಹೇಳಬೇಕು ಎಂದು ಜೋಡಿಸಿಕೊಂಡು ಹೋಗಿದ್ದೆ.

"ಕಸ್ತೂರಿ, ನಾ ಆವಾಗ..." ಎಂದು ಸುರು ಮಾಡಿದೆ.

"ಸಹಿ ಮಾಡಾಕ ಎಷ್ಟ ಜಾಗಾ ಬಿಡ್ಲಿ ಕಾಕಾ?" ಅಂದಳು.

"ಎರಡು ಬೆರಳು" ಅಂದೆ. ಅಲ್ಲಿಗೆ ಆ ಮಾತು ಮುಗಿಯಿತು.

ಸಾಲೆಯ ಪ್ರಶ್ನೆಪತ್ರಿಕೆ ಅವಳಿಗೆ ಹಿಂದಿರುಗಲು ಇನ್ನೂ ಎರಡು ವರ್ಷ ಹಿಡಿಯಿತು. ಪ್ರಭು ಮಾಸ್ತರರು ನಿವೃತ್ತರಾಗಿ ಹೊಸಬರು ಬಂದ ಮೇಲೆ. ಅಷ್ಟರಲ್ಲಿ ಊರಲ್ಲಿ ಮನೆಮನೆಗೆ ಕಂಪ್ಯೂಟರ್ ಬಂದಿದ್ದವು, ಮನೆಮನೆಯಲ್ಲೂ ಅದೇ ಜಡ್ಡು. ಮೊದಲು ಕರೆಯಲು ಬಂದವರು ನಮ್ಮ ಸೆಕ್ರೆಟರಿಯವರೇ. ಹಿತ್ತಲ ಸಂದಿಯಿಂದ ಬಂದು, "ನಮ್ಮದೊಂದು ಸ್ವಲ್ಪ ನೋಡಬೇಕಾಗಿತ್ತವ್ವಾ" ಎಂದು ಮೆಲ್ಲಗೆ ಅಂದರಂತೆ. ಅವಳು ಜೈನಬಿ ಕೊಟ್ಟ ಸಿಡಿ ತೆಗೆದುಕೊಂಡು ಹೋದಳು. ಆಮೇಲೆ ಎಷ್ಟೋ ಮನೆಗಳಿಗೆ ಹೋದಳು. ಕೆಲಸ ಮಾಡುವಾಗ ಮನೆಯವರನ್ನೆಲ್ಲ ಹೊರಗೆ ಕಳಿಸುತ್ತಿದ್ದಳು. ಯಾವ ದಿನ, ಯಾವ ಹೊತ್ತಿಗೆ, ಏನು ಹುಡುಕಿದಾಗ ಒಳಗೆ ಬಂದದ್ದು ಎಂಬುದು ಅವಳಿಗೆ ತಿಳಿಯುತ್ತಿತ್ತು. ಒಬ್ಬರಿಗೂ ಹೇಳಿದವಳಲ್ಲ. ಯಾರು ಮಾಡಿದ್ದು ಎಂದು ಕೇಳಿದರೆ, "ತಾನ ಬರ್ತೈತ್ರಿ, ಗಾಳಿಗೆ ಧೂಳ ಬಂದಂಗ" ಅನ್ನುತ್ತಿದ್ದಳು.

ಇದನ್ನೆಲ್ಲ ಅವಳು ನನಗೆ ಹೇಳಿದ್ದು ಎರಡು ಸಾವಿರದ ಒಂಬತ್ತರಲ್ಲಿ. ನನ್ನ ನಿವೃತ್ತಿಯ ಕಾಗದಗಳನ್ನು ಅವಳ ಕಡೆ ಮಾಡಿಸುತ್ತಿದ್ದೆ. ಮಧ್ಯಾಹ್ನದ ಹೊತ್ತು, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಹೋದಾಗ ಹೇಳುವಳು, ಬಂದಾಗ ಟೈಪು ಮಾಡುವಳು. ಗಂಡನ ಲಾರಿಯ ಸುದ್ದಿ, ಅಕ್ಕಿಯ ಮೊರ, ತಮ್ಮ ಕೈ ತೊಳೆದದ್ದು, ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳಿದಳು. ಏನಾದರೂ ಅನ್ನಬೇಕು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಬಂತು. ಅವಳು ಪ್ರಿಂಟು ತೆಗೆದು, ಬೆಳಕಿಗೆ ಹಿಡಿದು, ಮೇಲಿನಿಂದ ಕೆಳಗೆ ಓದಿದಳು. ಇಷ್ಟು ವರ್ಷದಲ್ಲಿ ಅವಳ ಕೈಯಲ್ಲಿ ಒಂದಕ್ಷರ ಬಿಟ್ಟುಹೋದದ್ದನ್ನೂ ನಾನು ಕಂಡಿರಲಿಲ್ಲ.

"ಇದರಾಗ ನಿಮ್ಮ ತಂದಿ ಹೆಸರು ಬಿಟ್ಟೇನಿ ಕಾಕಾ. ಕೂಡ್ರಿ, ಇನ್ನೊಂದು ತಗೀತೇನಿ" ಅಂದಳು.